ಓದುವ ಹುಡುಗಿಯೇ ಬೇಕಂತೆ

ಬಿಜೈ, ಮಂಗಳೂರು
೧೪ ಜುಲೈ ೨೦೨೫

ಪ್ರೀತಿಯ ಮೆರ್ಲಿನ್,

ಕೈಯಲ್ಲಿ ಪುಸ್ತಕ ಇದ್ದರೆ ಮೊದಲು ಅದನ್ನು ಕೆಳಗಿಡು. ಆಮೇಲೆ ಇದನ್ನು ಓದು.

ನಿನಗೊಂದು ಸಂಬಂಧ ಬಂದಿದೆ. ಮುಖ ಸೊಟ್ಟ ಮಾಡಬೇಡ, ಪೂರ್ತಿ ಕೇಳು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನು ಮಾಡಿದರೆ ನಿನ್ನ ಮಮ್ಮಿ ಸ್ಪೀಕರಿಗೆ ಹಾಕಿ ಅಂಗಳದ ಕೋಳಿಗಳಿಗೂ ಕೇಳಿಸುತ್ತಾಳೆ. ನನ್ನ ಅಕ್ಕ ಅವಳು, ನನಗೆ ಗೊತ್ತಿಲ್ಲವೇ? ನೀನು ಹಾಸ್ಟೆಲಿನಲ್ಲಿದ್ದ ಕಾಲದಿಂದಲೂ ನಮ್ಮಿಬ್ಬರ ಮುಖ್ಯ ಮಾತೆಲ್ಲ ಕಾಗದದಲ್ಲೇ ನಡೆದದ್ದು. ಬಾಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ. ಜೀವಮಾನವಿಡೀ ಕನ್ನಡ ಕಲಿಸಿದವಳ ಅಕ್ಕನ ಮಗಳಾಗಿ ಹುಟ್ಟಿದ ಮೇಲೆ ನಿನಗೆ ಬೇರೆ ಗತಿಯಿಲ್ಲ.

ಹೋದ ಭಾನುವಾರ ಒಂದು ಬ್ಯಾಪ್ಟಿಸಮಿನ ಊಟಕ್ಕೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಸೆವೆರಿನ್ ಬಾಯಿ ಕುಳಿತಿದ್ದಳು. ಕಾಸರಗೋಡಿನಿಂದ ಮಧೂರಿಗೆ ಹೋಗುವ ರಸ್ತೆಯಲ್ಲಿ ಅವಳ ಮನೆ. ಒಬ್ಬನೇ ಮಗ ನೆವಿಲ್, ಮೂವತ್ತೆರಡು ವರ್ಷ, ಕುವೈತಿನಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಾನೆ. ಗಂಡ ಜೇಕಬ್‌ಗೆ ಮೈಯಲ್ಲಿ ಅಷ್ಟು ಸೌಖ್ಯ ಇಲ್ಲ ಎಂದಳು. ಆ ವಯಸ್ಸಿನಲ್ಲಿ ಯಾರಿಗೆ ಸೌಖ್ಯ ಇರುತ್ತದೆ? ಮಗನಿಗೆ ಹುಡುಗಿ ನೋಡುತ್ತಿದ್ದೀರಂತಲ್ಲ ಎಂದು ನಾನು ಸುಮ್ಮನೆ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

“ಟೀಚರ್, ನಮಗೆ ಚಂದ ಬೇಡ, ಚಿನ್ನ ಬೇಡ. ಓದುವ ಹುಡುಗಿಯೇ ಬೇಕು. ಇಡೀ ದಿನ ಓದಿದರೂ ತೊಂದರೆ ಇಲ್ಲ.”

ತುತ್ತು ನನ್ನ ಕೈಯಲ್ಲೇ ಉಳಿಯಿತು. ಈ ಅರುವತ್ತೊಂದು ವರ್ಷದಲ್ಲಿ ಗಂಡಿನ ತಾಯಿಯೊಬ್ಬಳ ಬಾಯಿಂದ ಇಂಥ ಮಾತು ನಾನು ಕೇಳಿದ್ದಿಲ್ಲ. ನನ್ನನ್ನು ನೋಡಲು ಬಂದವರು ನನ್ನ ಪುಸ್ತಕದ ಕಪಾಟು ಕಂಡು, ಇವಳಿಗೆ ಎದುರು ಮಾತು ಜಾಸ್ತಿ ಇದ್ದೀತು ಎಂದು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಆಮೇಲೆ ಯಾರೂ ಬರಲಿಲ್ಲ. ನನಗೂ ಬೇಕಾಗಿರಲಿಲ್ಲ, ಪುಸ್ತಕ ಇತ್ತಲ್ಲ. ಆದರೆ ನಿನಗೆ ಹಾಗಾಗುವುದು ನನಗೆ ಇಷ್ಟವಿಲ್ಲ.

ನಾನು ನಿನ್ನ ವಿಷಯ ಹೇಳಿದೆ. ನಮ್ಮ ಮೆರ್ಲಿನ್‌ಗೆ ಮೂಲೆಯಲ್ಲಿ ಒಂದು ಕುರ್ಚಿ, ಕೈಯಲ್ಲಿ ಒಂದು ಪುಸ್ತಕ ಕೊಟ್ಟರೆ ಸಾಕು, ಮತ್ತೆ ಎಂತದ್ದೂ ಕೇಳುವವಳಲ್ಲ ಅಂದೆ. ಸೆವೆರಿನ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಮೆರ್ಲಿನ್. ಒಳ್ಳೆಯ ಹೆಂಗಸು.

ಅವರು ನೋಡಲು ಬಂದಾಗ ಕನ್ನಡಕ ತೆಗೆದಿಡಬೇಡ. ನಿನ್ನ ಮಮ್ಮಿ ಹೇಳಿದರೂ ಸರಿ.

ನಿನ್ನ
ಫ್ಲೋರಾ ಮಾವ್ಶಿ


ಬೋವಿಕಾನ
೩ ಆಗಸ್ಟ್ ೨೦೨೫

ಪ್ರೀತಿಯ ಮಾವ್ಶಿಗೆ,

ಬಂದರು, ನೋಡಿದರು, ಹೋದರು. ನನಗಿನ್ನೂ ನಂಬಿಕೆ ಬಂದಿಲ್ಲ.

ಇದಕ್ಕಿಂತ ಮೊದಲು ಬಂದ ಮೂರು ಕಡೆಯವರ ಕಥೆ ನಿಮಗೆ ಗೊತ್ತೇ ಉಂಟು. ಒಬ್ಬರು ಕನ್ನಡಕದ ನಂಬರ್ ಕೇಳಿ, ಮಕ್ಕಳಿಗೂ ಬರ್ತದಾ ಎಂದು ವಿಚಾರಿಸಿದರು. ಇನ್ನೊಬ್ಬರು ನಾನು ಹುರಿದ ಅಂಜಲ್ ಮೀನನ್ನೇ ತಿನ್ನುತ್ತಾ, ಇವಳಿಗೆ ಅಡುಗೆ ಬರ್ಲಿಕ್ಕಿಲ್ಲ ಅಲ್ವಾ ಅಂದರು. ಮೂರನೆಯ ಹುಡುಗ ತುಂಬ ಓದುವವರಿಗೆ ಅನುಮಾನ ಜಾಸ್ತಿಯಂತೆ ಎಂದು ನನ್ನ ಹತ್ತಿರವೇ ಹೇಳಿದ. ಅಂಗಡಿಯ ಕಿಟ್ಟಣ್ಣ ಅಂತೂ ನಾನು ಕಂಡಾಗಲೆಲ್ಲ, “ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ಗಾದೆ ಉಂಟು, ಭಟ್ಟನ ಹೆಂಡತಿಯ ಬಗ್ಗೆ ಗಾದೆ ಇಲ್ಲ, ನೀನು ಹೊಸತು ಮಾಡು ಮಾರಾಯ್ತಿ” ಎಂದು ನಗುತ್ತಾನೆ.

ತಮಾಷೆ ಎಂತ ಗೊತ್ತುಂಟಾ? ಇವರೆಲ್ಲರ ಪ್ರಕಾರ ನಾನು ಮೂಲೆಯಲ್ಲಿ ಕೂತವಳು. ನನ್ನ ಲೈಬ್ರರಿಯ ಕೆಲಸ ಅಂದರೆ ಫ್ಯಾನಿನ ಕೆಳಗೆ ಓದುತ್ತಾ ಇರುವುದು. ವಾರಕ್ಕೆ ಎರಡು ದಿನ ಪುಸ್ತಕದ ಚೀಲ ಹೆಗಲಿಗೆ ಹಾಕಿ ಮನೆಮನೆಯ ಹೆಂಗಸರಿಗೆ ಪುಸ್ತಕ ಕೊಟ್ಟು ಹಳೆಯದನ್ನು ತರುವವಳು ನಾನು. ನಾಯಿ ಓಡಿಸುವುದು, ಗುಡ್ಡ ಹತ್ತುವುದು, ಮಲಯಾಳ ಬೇಕಾದವರಿಗೆ ಮಲಯಾಳ, ಕನ್ನಡ ಬೇಕಾದವರಿಗೆ ಕನ್ನಡ. ಎಷ್ಟೋ ಮನೆಯಲ್ಲಿ ಪುಸ್ತಕ ತೆರೆಯುವುದೇ ಇಲ್ಲ, ನಾನು ಕೂತು ಅವರ ಸೊಂಟನೋವಿನ ಕಥೆ ಕೇಳಿ ಬರಬೇಕು. ನಿಜ ಹೇಳಬೇಕಾದರೆ ನನಗೆ ಪುಸ್ತಕದಷ್ಟೇ ಅದೂ ಇಷ್ಟ.

ಮಮ್ಮಿ ನನ್ನ ಪುಸ್ತಕದ ಕಪಾಟಿಗೆ ಬೆಡ್‌ಶೀಟ್ ಹೊದಿಸಿ ಮೇಲೆ ಮೇರಿ ಮಾತೆಯ ಪ್ರತಿಮೆ ಇಟ್ಟಿದ್ದಳು. ಸೆವೆರಿನ್ ಆಂಟಿ ಒಳಗೆ ಬಂದವರೇ ಆ ಬೆಡ್‌ಶೀಟಿನ ತುದಿ ಎತ್ತಿ ನೋಡಿ, “ಇದನ್ನು ಎಂತಕ್ಕೆ ಮುಚ್ಚಿದ್ದು?” ಎಂದು ಕೇಳಿದರು. ಮಮ್ಮಿಯ ಮುಖ ನೀವು ನೋಡಬೇಕಿತ್ತು.

ಅವರು ಅಡುಗೆಯ ಸುದ್ದಿ ಎತ್ತಲಿಲ್ಲ. ಎಷ್ಟು ಹೊತ್ತು ಓದ್ತೀ, ರಾತ್ರಿಯೂ ಓದ್ತೀಯಾ, ನಡುವೆ ಯಾರಾದರೂ ಎಬ್ಬಿಸಿದರೆ ಪುನಃ ನಿದ್ದೆ ಬರ್ತದಾ, ಇದನ್ನೆಲ್ಲ ಕೇಳಿದರು. ನನ್ನ ಓದಿನ ಬಗ್ಗೆ ಇಷ್ಟು ಆಸಕ್ತಿಯಿಂದ ನಿಮ್ಮನ್ನು ಬಿಟ್ಟು ಯಾರೂ ಕೇಳಿರಲಿಲ್ಲ. ನಾವು ಅವರ ಮನೆಗೆ ಹೋದಾಗ ಎದುರಿನ ಚಾವಡಿಯಲ್ಲಿ ಹಲಸಿನ ಮರದ ಹೊಸ ಕಪಾಟು ಖಾಲಿ ನಿಂತಿತ್ತು. ವೀಡಿಯೋ ಕಾಲಿನಲ್ಲಿ ನೆವಿಲ್, “ಅದು ನಿನಗೇ. ಬೇಕಾದ್ದು ತುಂಬಿಸು” ಅಂದ. ನನಗೆ ಶಾಕ್ ಹೊಡೆದ ಹಾಗಾಯಿತು. ಜೇಕಬ್ ಅಂಕಲ್ ಹಿಂದಿನ ಕೋಣೆಯಲ್ಲಿ ಮಲಗಿದ್ದರು, ಈಗಷ್ಟೇ ಕಣ್ಣು ಮುಚ್ಚಿದ್ದಾರೆ ಎಂದು ಬಾಗಿಲು ತೆರೆಯಲಿಲ್ಲ. ನನ್ನ ಕೆಲಸದ ಬಗ್ಗೆ ಕೇಳಿದ್ದಕ್ಕೆ ಆಂಟಿ, “ಅದಕ್ಕೆಲ್ಲ ಅರ್ಜೆಂಟ್ ಎಂತ ಉಂಟು, ಆಮೇಲೆ ನೋಡುವ” ಅಂದರು.

ನಾನು ಹೂಂ ಅಂದೆ, ಮಾವ್ಶಿ. ಡ್ಯಾಡಿ ತೀರಿಕೊಂಡ ಮೇಲೆ ಮಮ್ಮಿ ಇಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ನಿಮ್ಮ
ಮೆರ್ಲಿನ್


ಬಿಜೈ
೨೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಮೆರ್ಲಿನ್,

ಮದುವೆ ನವೆಂಬರ್ ಹನ್ನೆರಡಕ್ಕೆ ಎಂದು ನಿನ್ನ ಮಮ್ಮಿ ಫೋನಿನಲ್ಲಿ ಕೂಗಿ ಹೇಳಿದಳು. ನನ್ನ ನೆರೆಮನೆಯವರೂ ಕೇಳಿಸಿಕೊಂಡು ಬಂದು ಶುಭ ಹಾರೈಸಿದರು.

ನಾನು ಇಡೀ ವಾರ ಸುಮ್ಮಸುಮ್ಮನೆ ನಗುತ್ತಿದ್ದೇನೆ. ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದವರಿಗೆಲ್ಲ ಫೋನು ಮಾಡಿ, ಓದುವ ಹುಡುಗಿಯೇ ಬೇಕೆಂದು ಹುಡುಕಿಕೊಂಡು ಬಂದರು ಎಂದು ಹೇಳಿದೆ. ಹೇಳುವಾಗ ಒಂದು ರೀತಿಯ ಸೇಡು ತೀರಿದ ಹಾಗಿತ್ತು. ದೇವರು ಕ್ಷಮಿಸಲಿ.

ಮದುವೆಗೆ ಮೊದಲು ಇಗರ್ಜಿಯಲ್ಲಿ ಫಾದರ್ ನಿಮ್ಮಿಬ್ಬರ ಹೆಸರು ಓದಿ ಹೇಳುವ ಮೂರು ಭಾನುವಾರಗಳಲ್ಲಿ ಒಂದಕ್ಕಾದರೂ ಬರಬೇಕೆಂದಿದ್ದೆ. ಮೊಣಕಾಲು ಬಿಡುವುದಿಲ್ಲ. ಓದಿದ ದಿನವೇ ಬರೆ.

ನಿನ್ನ
ಫ್ಲೋರಾ ಮಾವ್ಶಿ


ಬೋವಿಕಾನ
೧೨ ಅಕ್ಟೋಬರ್ ೨೦೨೫

ಪ್ರೀತಿಯ ಮಾವ್ಶಿಗೆ,

ಇವತ್ತು ಓದಿದರು. ಪೂಜೆಯ ಕೊನೆಗೆ ಫಾದರ್ ನನ್ನ ಹೆಸರು, ನೆವಿಲ್‌ನ ಹೆಸರು ಹೇಳಿ, ಈ ಮದುವೆಗೆ ತಕರಾರು ಇದ್ದವರು ತಿಳಿಸಬೇಕು ಎಂದಾಗ ನನ್ನ ಕಿವಿ ಬಿಸಿಯಾಯಿತು. ಮಮ್ಮಿ ಹಿಂದೆ ಮುಂದೆ ತಿರುಗಿ ಎಲ್ಲರ ಮುಖ ನೋಡಿದಳು, ಯಾರಿಗಾದರೂ ತಕರಾರು ಇದ್ದರೆ ಅಲ್ಲಿಯೇ ಬುದ್ಧಿ ಕಲಿಸುವವಳ ಹಾಗೆ.

ನೆವಿಲ್ ದಿನವೂ ಫೋನು ಮಾಡುತ್ತಾನೆ. ಒಳ್ಳೆಯ ಮಾತುಗಾರ. ನಿಮಗೆ ಹೇಳಲು ನಾಚಿಕೆಯಿಲ್ಲ, ನಾನು ಆ ಹೊತ್ತಿಗೆ ಕಾಯುತ್ತೇನೆ. ಮದುವೆಯಾಗಿ ಮೂರು ವಾರಕ್ಕೆ ಅವನು ಕುವೈತಿಗೆ ಹೋಗಬೇಕು, ಫ್ಯಾಮಿಲಿ ವೀಸಾ ಸಿಗುವುದು ಕಷ್ಟವಂತೆ. “ನಿನಗೆ ಬೇಸರ ಆಗ್ಲಿಕ್ಕಿಲ್ಲ ಅಲ್ವಾ?” ಎಂದು ಎರಡು ಮೂರು ಸಲ ಕೇಳಿದ. ಎಷ್ಟು ಕಾಳಜಿ ಅನ್ನಿಸಿತು.

ಬುಧವಾರ ಲೈಬ್ರರಿ ಮುಗಿಸಿ ಅವರ ಮನೆಗೆ ಹೋಗುತ್ತೇನೆ. ಅವರು ಕೊಡುವ ಮದುವೆಯ ಕೆಂಪು ಸೀರೆಗೆ, ಸಾಡೊಗೆ, ರವಿಕೆ ಹೊಲಿಸಲು ಅಳತೆಯ ರವಿಕೆ ಬೇಕಂತೆ.

ನಿಮ್ಮ
ಮೆರ್ಲಿನ್


ಬೋವಿಕಾನ
೧೭ ಅಕ್ಟೋಬರ್ ೨೦೨೫

ಮಾವ್ಶಿ,

ಎರಡು ದಿನದಿಂದ ಬರೆಯಲು ಕೂತು ಎದ್ದೆ. ಇವತ್ತು ಬರೆದೇ ಬಿಡುತ್ತೇನೆ.

ನಾನು ಬರುವುದನ್ನು ಹೇಳಿಯೇ ಹೋದದ್ದು. ಆದರೆ ಬಸ್ಸು ಬೇಗ ಸಿಕ್ಕಿತು. ಚಾವಡಿಗೆ ಕಾಲಿಟ್ಟಾಗ ಕಪಾಟು ಅಲ್ಲಿರಲಿಲ್ಲ. ಅಷ್ಟರಲ್ಲಿ ಸೆವೆರಿನ್ ಆಂಟಿ ಒಳಗಿನಿಂದ ಬಂದು, “ಬಾ ಬಾ, ನಿನ್ನ ರೂಮು ತಯಾರಾಯ್ತು, ನೋಡು” ಎಂದು ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಅದು ಜೇಕಬ್ ಅಂಕಲರ ಕೋಣೆ. ಅವರಿಗೆ ಸೌಖ್ಯ ಇಲ್ಲ ಅಂದರೆ ಶುಗರೋ ಬಿಪಿಯೋ ಎಂದು ನಾವು ತಿಳಿದದ್ದಲ್ಲವೇ? ಅವರು ಪಾರ್ಶ್ವವಾಯು ಬಡಿದು ಮೂರು ವರ್ಷದಿಂದ ಮಂಚದಲ್ಲೇ ಇದ್ದಾರೆ. ಮಾತು ಹೋಗಿದೆ. ಒಂದು ಕೈ ಮಾತ್ರ ಆಡುತ್ತದೆ. ಆ ಮಂಚದ ಪಕ್ಕದಲ್ಲಿ ಇನ್ನೊಂದು ಸಣ್ಣ ಮಂಚ, ಅದಕ್ಕೆ ಹೊಸ ಹಾಸಿಗೆ. ಗೋಡೆಗೆ ನನ್ನ ಕಪಾಟು. ಗಂಜಿ ಬಿಸಿ ಮಾಡಲು ಒಂದು ಚಿಕ್ಕ ಒಲೆ, ಫ್ಲಾಸ್ಕು, ರಾತ್ರಿ ಅವರು ಎಳೆಯಲು ದಾರ ಕಟ್ಟಿದ ಗಂಟೆ. ಕುರ್ಚಿಯನ್ನು ಮೂಲೆಯಲ್ಲೇ ಇಟ್ಟಿದ್ದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. “ಇದು ಯಾರಿಗೆ ಆಂಟಿ?” ಎಂದು ಆ ಮಂಚ ತೋರಿಸಿ ಕೇಳಿದೆ.

“ನಿನಗೆ. ನೆವಿಲ್ ಬಂದಾಗ ಎದುರಿನ ರೂಮು ಉಂಟಲ್ಲ.”

ಅವರಿಗೆ ಮುಚ್ಚುಮರೆ ಏನೂ ಇರಲಿಲ್ಲ, ಮಾವ್ಶಿ. ಅದೇ ನನಗೆ ಇನ್ನೂ ಅರಗುತ್ತಿಲ್ಲ. ಮದುಮಗಳಿಗೆ ಒಡವೆ ತೋರಿಸುವ ಹಾಗೆ ಒಂದೊಂದನ್ನೇ ಖುಷಿಯಲ್ಲಿ ತೋರಿಸಿದರು. “ನಾಲ್ಕು ಹೋಮ್ ನರ್ಸ್ ಬಂದು ಹೋದರು. ಒಬ್ಬಳಿಗೆ ಬೇಸರ, ಒಬ್ಬಳಿಗೆ ಟಿವಿ ಬೇಕು, ಒಬ್ಬಳಿಗೆ ಇಡೀ ದಿನ ಫೋನು. ಆಗಲೇ ನಾನು ಎಣಿಸಿದೆ, ಬರುವ ಸೊಸೆ ಓದುವವಳೇ ಆಗ್ಬೇಕು ಅಂತ. ಓದುವವರಿಗೆ ಹೊರಗೆ ಹೋಗ್ಬೇಕು ಅಂತ ಇಲ್ಲ, ನಾಲ್ಕು ಮಾತು ಆಡ್ಬೇಕು ಅಂತ ಇಲ್ಲ. ನಿನ್ನ ಮಾವ್ಶಿಯೇ ಹೇಳಿದರಲ್ಲ, ಮೂಲೆಯಲ್ಲಿ ಒಂದು ಕುರ್ಚಿ, ಒಂದು ಪುಸ್ತಕ ಕೊಟ್ಟರೆ ಮತ್ತೆ ಎಂತದ್ದೂ ಕೇಳುವವಳಲ್ಲ ಅಂತ. ನಾನು ಆ ದಿನ ದೇವರಿಗೆ ಮೇಣದಬತ್ತಿ ಹಚ್ಚಿದೆ.”

ನನ್ನ ಕೆಲಸ ಎಂತ ಆಗ್ತದೆ ಎಂದು ಕೇಳಿದೆ.

“ಪುಸ್ತಕದ ಹತ್ತಿರ ಇರ್ಲಿಕ್ಕೆ ಅಲ್ವಾ ನೀನು ಅಲ್ಲಿಗೆ ಹೋಗುದು? ಪುಸ್ತಕ ಇಲ್ಲೇ ಇಡುವ.”

ಕೈಕಾಲು ತಣ್ಣಗಾಯಿತು ಎಂದು ಕಥೆಗಳ ತುಂಬ ಓದಿದ್ದೇನೆ. ನಿಜವಾಗಿಯೂ ತಣ್ಣಗಾಗುತ್ತದೆ. ನಾನು ಕಪಾಟನ್ನು ಹಿಡಿದು ನಿಂತೆ. ಆಗ ಜೇಕಬ್ ಅಂಕಲ್ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಅರ್ಥವಾಗುತ್ತದೆ. ಸ್ವಲ್ಪ ಹೊತ್ತು ನೋಡಿ, ಆಡುವ ಕೈಯಿಂದ ಹೊದಿಕೆ ಎಳೆದು ಮುಖಕ್ಕೆ ಹಾಕಿಕೊಂಡರು.

ರೋಗಿಯ ಆರೈಕೆಗೆ ಹೇಸುವವಳು ನಾನಲ್ಲ. ಡ್ಯಾಡಿಯ ಕೊನೆಯ ತಿಂಗಳು ನಿಮಗೆ ಗೊತ್ತುಂಟು. ಸೆವೆರಿನ್ ಆಂಟಿಯ ಸೊಂಟ ಬಿದ್ದುಹೋಗಿದೆ, ಅವರ ಕಣ್ಣ ಕೆಳಗಿನ ಕಪ್ಪು ನಾನೂ ನೋಡಿದ್ದೇನೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳುವುದು ಅವರಿಗೆ ಹೊಳೆಯಲೇ ಇಲ್ಲ. ಓದುವವಳಲ್ಲವೇ, ಎಲ್ಲಿ ಕೂರಿಸಿದರೂ ಒಂದೇ.

ಅಳತೆಯ ರವಿಕೆಯನ್ನು ಕೊಡದೆ ವಾಪಸು ತಂದೆ. ಮಮ್ಮಿಗೆ ಇನ್ನೂ ಹೇಳಿಲ್ಲ. ಎರಡನೆಯ ಭಾನುವಾರ ನಾಡಿದ್ದು.

ಒಂದೇ ಒಂದು ಕೇಳುತ್ತೇನೆ, ಮಾವ್ಶಿ. ನನ್ನ ಬಗ್ಗೆ ನೀವು ಹಾಗೆ ಹೇಳಿದ್ದು ಬಾಯಿಮಾತಿಗಾ, ಅಥವಾ ನೀವೂ ಹಾಗೇ ತಿಳಿದಿದ್ದೀರಾ?

ಮೆರ್ಲಿನ್


ಬೋವಿಕಾನ
೨೭ ಅಕ್ಟೋಬರ್ ೨೦೨೫

ಮಾವ್ಶಿ,

ನಿಮ್ಮ ಉತ್ತರ ಬಂದಿಲ್ಲ. ಫೋನು ಎತ್ತುತ್ತಿಲ್ಲ ಎಂದು ಮಮ್ಮಿ ಹೇಳಿದಳು. ಆದರೂ ನಡೆದದ್ದನ್ನು ಬರೆಯುತ್ತೇನೆ, ಕ್ರಮ ತಪ್ಪಿಸುವುದು ಬೇಡ.

ನೆವಿಲ್‌ನನ್ನು ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಇದನ್ನು ಎಂತಕ್ಕೆ ಇಷ್ಟು ದೊಡ್ಡದು ಮಾಡುದು? ನೀನು ಹೇಗೂ ಓದ್ತಾ ಕೂತುಕೊಳ್ಳುವವಳು. ಅಲ್ಲಿ ಕೂತರೆ ಎಂತ, ಇಲ್ಲಿ ಕೂತರೆ ಎಂತ?”

“ಹಾಗಾದರೆ ನೀನೇ ಬಂದು ಕೂತುಕೋ. ನಿನ್ನ ಡ್ಯಾಡಿ ಅಲ್ವಾ?”

“ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ. ನಾನು ಓದುವವನಲ್ಲ. ಆ ರೂಮಿನಲ್ಲಿ ಎರಡು ದಿನ ಕೂತರೆ ನನಗೆ ಹುಚ್ಚು ಹಿಡಿದೀತು.”

ಇದನ್ನು ಅವನು ನಗುತ್ತಾ ಹೇಳಿದ. ಆ ನಗುವಿಗೇ ನಾನು ದಿನವೂ ಕಾಯುತ್ತಿದ್ದೆ ಎಂದು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡನೆಯ ಭಾನುವಾರ ಹೆಸರು ಓದಿಯೇ ಹೋಯಿತು. ಮರುದಿನ ನಾನು ಫಾದರ್ ಹತ್ತಿರ ಹೋಗಿ ತಕರಾರು ಇದ್ದರೆ ತಿಳಿಸಬೇಕು ಅಂದಿರಲ್ಲ, ನನಗೇ ಉಂಟು ಅಂದೆ. ಅವರು ಕೂರಲು ಹೇಳಿ ಎಲ್ಲ ಕೇಳಿಸಿಕೊಂಡು, ಮಮ್ಮಿಗೆ ತಿಳಿಸಿದ್ದೀಯಾ ಎಂದು ಕೇಳಿದರು. ಮನೆಗೆ ಬಂದು ತಿಳಿಸಿದೆ. ಮಮ್ಮಿ ಅಳಲಿಲ್ಲ, ಬೈಯಲಿಲ್ಲ. ನನ್ನ ಕಪಾಟಿನ ಎದುರು ಹೋಗಿ ನಿಂತು, “ಇದರಿಂದಲೇ” ಅಂದಳು. ಅಷ್ಟೇ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಬಾಯಿ ಮುಚ್ಚಿದ ಮಮ್ಮಿಯನ್ನು ನೀವು ಕಂಡಿದ್ದೀರಾ? ನಾನು ಇದೇ ಮೊದಲು.

ನಿನ್ನೆ ಮೂರನೆಯ ಭಾನುವಾರ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ ಎಂದು ಹೋದೆ. ಫಾದರ್ ಬೇರೆ ಒಂದು ಜೋಡಿಯ ಹೆಸರು ಓದಿದರು, ಆಮೇಲೆ ಕಾಗದ ಮಡಚಿದರು. ಇಡೀ ಇಗರ್ಜಿ ಒಂದು ಗಳಿಗೆ ಕಾದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ, “ಓದುವ ಹುಡುಗಿಯರಿಗೆ ಯಾರೂ ಹಿಡಿಸುದಿಲ್ಲ” ಅಂದರು. ಮೆಲ್ಲಗೆ ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ನೀವು ಒಂದು ಸಾಲಾದರೂ ಬರೆಯಬಹುದಿತ್ತು.

ಮೆರ್ಲಿನ್


ಬಿಜೈ
೨೮ ಡಿಸೆಂಬರ್ ೨೦೨೫

ಪ್ರೀತಿಯ ಮೆರ್ಲಿನ್,

ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು. ನೀನು ನಂಬುವುದಿಲ್ಲ. ಎರಡು ತಿಂಗಳಿಂದ ನಿನ್ನ ಪ್ರಶ್ನೆಯ ಎದುರು ಕೂತಿದ್ದೇನೆ.

ಹೌದು ಮಗಾ, ನಾನೂ ಹಾಗೇ ತಿಳಿದಿದ್ದೆ. ನಿನ್ನ ಬಗ್ಗೆ ತಿಳಿದದ್ದಲ್ಲ, ನನ್ನ ಬಗ್ಗೆ ಹೇಳಿ ಹೇಳಿ ರೂಢಿಯಾದದ್ದನ್ನು ನಿನ್ನ ಬಗ್ಗೆಯೂ ಹೇಳಿಬಿಟ್ಟೆ. ಆ ಕಾಫಿ ಬಿಟ್ಟು ಎದ್ದವರು ಹೋದ ಮೇಲೆ ಯಾರು ಏನು ಕೇಳಿದರೂ ನನಗೆ ಪುಸ್ತಕ ಉಂಟಲ್ಲ, ಮತ್ತೇನು ಬೇಕು ಅನ್ನುತ್ತಿದ್ದೆ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಜನ ನಂಬಿದರು. ನಂಬಿದ ಮೇಲೆ ಕರೆಯುವುದನ್ನು ಬಿಟ್ಟರು. ಪಿಕ್ನಿಕ್ಕಿಗೆ, ಸಿನಿಮಾಕ್ಕೆ, ಕೊನೆಗೆ ಹಬ್ಬದ ಊಟಕ್ಕೂ. ಫ್ಲೋರಾಗೆ ಪುಸ್ತಕ ಉಂಟಲ್ಲ. ಈ ಕ್ರಿಸ್‌ಮಸ್ ದಿನ ನಾನು ಬ್ರೆಡ್ಡು ಮತ್ತು ಮೊಟ್ಟೆ ತಿಂದು ಮಲಗಿದೆ. ನಿನ್ನ ಮಮ್ಮಿ ಕರೆಯಲಿಲ್ಲ, ಕರೆಸಿಕೊಳ್ಳುವ ಮುಖವನ್ನೂ ನಾನು ಉಳಿಸಿಕೊಂಡಿರಲಿಲ್ಲ. ಒಬ್ಬಳೇ ಕೂತಿರುವುದು ನನಗೆ ಎಂದೂ ಇಷ್ಟವಿರಲಿಲ್ಲ, ಮೆರ್ಲಿನ್. ಇದನ್ನು ನಾನು ಮೊದಲ ಸಲ ಬರೆಯುತ್ತಿದ್ದೇನೆ, ಬರೆದ ಮೇಲೆ ನನಗೇ ದಿಗಿಲಾಗುತ್ತಿದೆ.

ಈಗ ಬರೆಯಲೇಬೇಕಾದ ಕಾರಣ ಬೇರೆ. ಸೆವೆರಿನ್ ಇನ್ನೊಂದು ಹುಡುಗಿಯನ್ನು ಗೊತ್ತು ಮಾಡಿದ್ದಾಳೆ. ಮಂಜೇಶ್ವರದ ಕಡೆಯವಳು, ರೆಶ್ಮಾ ಎಂದು ಹೆಸರು, ಇಪ್ಪತ್ತನಾಲ್ಕು ವರ್ಷ, ಬಿ.ಎಡ್. ಮಾಡಿದ್ದಾಳೆ. ಬಸ್ಸಿನಲ್ಲಿ ನಿಂತುಕೊಂಡೂ ಓದುವವಳಂತೆ. ನೆವಿಲ್ ಮುಂದೂಡಿದ ರಜೆಯಲ್ಲಿ ಜನವರಿಗೆ ಬರುತ್ತಾನೆ, ಮದುವೆ ಇಪ್ಪತ್ತೆಂಟಕ್ಕೆ. ನಾಲ್ಕನೇ ತಾರೀಕಿನಿಂದ ಹೆಸರು ಓದುತ್ತಾರೆ. ಅಂದು ಬ್ಯಾಪ್ಟಿಸಮಿನ ಊಟಕ್ಕೆ ಕರೆದವರೇ ಇದನ್ನು ನನಗೆ ಹೇಳಿದ್ದು. ಅದೇ ಕೋಣೆಗೆ ಇನ್ನೊಬ್ಬಳು.

ಆ ಹುಡುಗಿಗೆ ಏನೂ ಗೊತ್ತಿರಲಿಕ್ಕಿಲ್ಲ. ಪುಸ್ತಕದಿಂದ ತಲೆ ಎತ್ತದ ಮಗು. ನಾನು ಬರೆದರೆ ಸಂಬಂಧ ತಪ್ಪಿದ ಹೊಟ್ಟೆಕಿಚ್ಚು ಅನ್ನುತ್ತಾರೆ. ಆ ಕೋಣೆಯ ಒಳಗೆ ನಿಂತವಳು ನೀನು. ನೀನು ಬರೆ. ವಿಳಾಸ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ.

ನಿನ್ನ
ಫ್ಲೋರಾ


ಬೋವಿಕಾನ
೫ ಜನವರಿ ೨೦೨೬

ರೆಶ್ಮಾ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ಮೆರ್ಲಿನ್. ಅಕ್ಟೋಬರಿನಲ್ಲಿ ನೆವಿಲ್‌ನ ಜೊತೆ ಇಗರ್ಜಿಯಲ್ಲಿ ಎರಡು ಸಲ ಹೆಸರು ಓದಿಸಿಕೊಂಡವಳು. ಮೂರನೆಯ ಸಲ ಬೇಡವೆಂದದ್ದು ನಾನೇ.

ಹೊಟ್ಟೆಕಿಚ್ಚಿನಿಂದ ಬರೆದದ್ದು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೂ ಕೊನೆಯವರೆಗೆ ಓದಿ. ಓದುವ ಹುಡುಗಿಯೇ ಬೇಕು ಎಂದು ಸೆವೆರಿನ್ ಆಂಟಿ ನಿಮಗೂ ಹೇಳಿರಬಹುದು. ನನ್ನ ಹಾಗೆ ನಿಮಗೂ ಖುಷಿಯಾಗಿರಬಹುದು. ಅವರು ಕೆಟ್ಟವರಲ್ಲ. ಆದರೆ ಆ ಮನೆಯ ಹಿಂದಿನ ಕೋಣೆಯಲ್ಲಿ ಜೇಕಬ್ ಅಂಕಲ್ ಮೂರು ವರ್ಷದಿಂದ ಮಲಗಿದ್ದಾರೆ. ಅವರ ಮಂಚದ ಪಕ್ಕದ ಮಂಚ ಸೊಸೆಯದು. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ನೆವಿಲ್ ಮೂರು ವಾರ ಇರುತ್ತಾನೆ, ಆಮೇಲೆ ಫೋನಿನಲ್ಲಿ ಮಾತ್ರ ಸಿಗುತ್ತಾನೆ. ಓದುವವರಿಗೆ ಬೇಸರ ಬರುವುದಿಲ್ಲ, ಹೊರಗೆ ಹೋಗಬೇಕಿಲ್ಲ, ಮಾತು ಬೇಕಿಲ್ಲ ಎಂದು ಅವರು ನಿಜವಾಗಿ ನಂಬಿದ್ದಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮಗೆ ಶಾಲೆಯಲ್ಲೇ ಬರೆಸಿದ್ದರು. ಆದರೂ ನಾನು ಬೀಳಲಿಕ್ಕೆ ಸ್ವಲ್ಪವೇ ಇತ್ತು. ನೀವು ನನಗಿಂತ ಚಿಕ್ಕವರು. ಒಂದು ಸಲ ಮುಂಚಿತವಾಗಿ ತಿಳಿಸದೆ ಆ ಮನೆಗೆ ಹೋಗಿ ಆ ಬಾಗಿಲು ತೆರೆದು ನೋಡಿ. ಇನ್ನೂ ಎರಡು ಭಾನುವಾರ ಉಂಟು. ಫಾದರ್ ಹತ್ತಿರ ಹೋಗಲು ಜೊತೆ ಬೇಕಾದರೆ ನಾನು ಬರುತ್ತೇನೆ.

ವಿಶ್ವಾಸದಿಂದ
ಮೆರ್ಲಿನ್


ಮಂಜೇಶ್ವರ
೧೪ ಜನವರಿ ೨೦೨೬

ಪ್ರೀತಿಯ ಮೆರ್ಲಿನ್ ಅಕ್ಕನಿಗೆ,

ನಿಮ್ಮ ಪತ್ರವನ್ನು ಓದಿ ಒಲೆಗೆ ಹಾಕಿದೆ. ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲಿ ಯಾವುದನ್ನೂ ಇಟ್ಟುಕೊಳ್ಳಲು ನನಗೆ ಜಾಗವಿಲ್ಲ.

ಅಕ್ಕ, ನನಗೆ ಎಲ್ಲ ಗೊತ್ತುಂಟು. ಮೊದಲ ದಿನ ಅವರ ಚಾವಡಿಯಲ್ಲಿ ಕೂತಾಗಲೇ ಗೊತ್ತಾಗಿತ್ತು. ಡೆಟಾಲು, ಪೌಡರು, ಒದ್ದೆ ಬಟ್ಟೆ ಮೂರೂ ಸೇರಿದ ವಾಸನೆ ನನಗೆ ಹೊಸತಲ್ಲ. ನಮ್ಮ ಅಜ್ಜಿ ಐದು ವರ್ಷ ಮಂಚದಲ್ಲಿದ್ದರು. ಇವಳು ಹೇಗೂ ಮನೆಯಲ್ಲಿ ಓದುತ್ತಾ ಕೂತಿರುವವಳು ಎಂದು ನನ್ನನ್ನೇ ಹಾಕಿದರು. ಮಂಚದ ಪಕ್ಕದಲ್ಲಿ ನನಗೆ ಮಂಚ ಇರಲಿಲ್ಲ, ಚಾಪೆ. ಅಜ್ಜಿ ಹೋದ ಮೇಲೆ ಆ ಕೋಣೆ ಅಣ್ಣ ಅತ್ತಿಗೆಗೆ ಹೋಯಿತು, ನಾನು ಅಡುಗೆಮನೆಗೆ ಬಂದೆ. ಈಗ ಮಲಗುವುದು, ಓದುವುದು ಎಲ್ಲ ಅಲ್ಲೇ, ಫೋನಿನ ಲೈಟಿನಲ್ಲಿ.

ಆ ಬಾಗಿಲು ತೆರೆಯಿರಿ ಎಂದು ಸೆವೆರಿನ್ ಆಂಟಿಗೆ ಹೇಳಿದ್ದು ನಾನೇ. ಒಳಗೆ ಹೋಗಿ ಜೇಕಬ್ ಅಂಕಲರ ಬೆನ್ನು ತಿರುಗಿಸಿ ನೋಡಿದೆ, ಹುಣ್ಣು ಆಗತೊಡಗಿತ್ತು. ಏನು ಮಾಡಬೇಕೆಂದು ತೋರಿಸಿಕೊಟ್ಟೆ. ಆಮೇಲೆ ಚಾವಡಿಗೆ ಬಂದು ಕೂತು ನನ್ನ ಮಾತು ಹೇಳಿದೆ. ರಾತ್ರಿಗೆ ಹೋಮ್ ನರ್ಸ್ ಬೇಕು, ನಾನು ಎದುರಿನ ರೂಮಿನಲ್ಲೇ ಮಲಗುವುದು. ಜೂನಿನಿಂದ ಶಾಲೆಗೆ ಕಲಿಸಲು ಹೋಗುತ್ತೇನೆ. ಎರಡು ವರ್ಷದೊಳಗೆ ನೆವಿಲ್ ಒಂದೋ ಊರಿಗೆ ಬರಬೇಕು, ಇಲ್ಲವಾದರೆ ನನ್ನನ್ನು ಕರೆಸಿಕೊಳ್ಳಬೇಕು. ಸೆವೆರಿನ್ ಆಂಟಿ ಬಾಯಿಗೆ ಕೈ ಇಟ್ಟುಕೊಂಡರು. ನೆವಿಲ್‌ಗೂ ಫೋನಿನಲ್ಲಿ ಇದನ್ನೇ ಹೇಳಿದೆ. ಕೊನೆಗೆ ಇಬ್ಬರೂ ಹೂಂ ಅಂದಿದ್ದಾರೆ. ಉಳಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಉಳಿಸಿಕೊಳ್ಳದಿದ್ದರೆ ಎಂತ ಮಾಡಬೇಕು ಎಂದೂ ಯೋಚಿಸಿದ್ದೇನೆ.

ನಿಮ್ಮ ಪತ್ರ ನೋಡಿ ನನಗೆ ಶಾಕ್ ಆದದ್ದು ಬೇರೆ ವಿಷಯಕ್ಕೆ. ಅವರೆಲ್ಲ ಹಾಗೆ ತಿಳಿದರೆ ನನಗೆ ಬೇಸರವಿಲ್ಲ. ಓದುವ ಹುಡುಗಿಗೆ ಲೋಕ ಗೊತ್ತಿರುವುದಿಲ್ಲ ಎಂದು ನೀವೂ ತಿಳಿದಿರಲ್ಲ ಅಕ್ಕ. ಆದರೂ ಬರೆದಿರಿ. ನನಗೋಸ್ಕರ ಯಾರಾದರೂ ಎರಡು ಪುಟ ಬರೆದದ್ದು ಇದೇ ಮೊದಲು.

ಮೂರನೆಯ ಸಲವೂ ಹೆಸರು ಓದಿಸುತ್ತೇನೆ. ನಿಮಗೆ ಬೇಡವಾದದ್ದು ನನಗೆ ಈಗ ಇರುವುದಕ್ಕಿಂತ ದೊಡ್ಡದು. ಇದನ್ನು ಓದಿ ನೀವು ಅಳಬೇಡಿ, ಬೈಯಬೇಡಿ.

ನನಗೆ ಹೆದರಿಕೆ ಒಂದೇ. ಮದುವೆಯ ಗಲಾಟೆ ಮುಗಿದು ಅವನು ವಿಮಾನ ಹತ್ತಿದ ಮೇಲೆ, ರೆಶ್ಮಾ ಓದುತ್ತಾ ಇರುತ್ತಾಳೆ, ತೊಂದರೆ ಮಾಡುವುದು ಬೇಡ ಎಂದು ಯಾರೂ ಆ ಕಡೆ ಬರಲಿಕ್ಕಿಲ್ಲ. ನನ್ನ ಅಮ್ಮನೂ ಬರಲಿಕ್ಕಿಲ್ಲ. ಮದುವೆಗೆ ನೀವು ಬರುವುದು ಸರಿಯಾಗುವುದಿಲ್ಲ, ನನಗೆ ಅರ್ಥವಾಗುತ್ತದೆ. ಆಮೇಲೆ ಯಾವತ್ತಾದರೂ ಬನ್ನಿ. ಲೈಬ್ರರಿಯವರು ಎಂದು ಕೇಳಿದ್ದೇನೆ. ಪುಸ್ತಕ ತರಬೇಡಿ ಅಕ್ಕ, ಸುಮ್ಮನೆ ಬಂದು ಸ್ವಲ್ಪ ಹೊತ್ತು ನನ್ನ ಜೊತೆ ಮಾತಾಡಿ ಹೋಗಿ.

ಇತಿ
ರೆಶ್ಮಾ